ಕಂಬಳಿ ಕೊಟ್ಟರೆ ಸಾಲದು, ಹಕ್ಕಿಗೂ ಬೀದಿಗೆ ಬನ್ನಿ

ಕೇರಿ ಮಗ್ಗುಲ ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಅಕ್ಕಿ, ಕಂಬಳಿ, ನೋಟ್‌ಬುಕ್ಕು ಹಂಚ್ತಾರೆ. ಕೂಡಲೇ ‘ಮತಾಂತರ’ ಅಂತ ಬೊಬ್ಬೆ! ಬೊಬ್ಬೆ ಹೊಡೆಯೋರೇ, ನಮಗೆ ಕೆರೆ ನೀರು ಬಿಡದವರು ಯಾರು? ಗುಡಿ ಬಾಗಿಲು ಮುಚ್ಚಿದವರು ಯಾರು? ಕರ್ನಾಟಕದ 2022ರ ಮತಾಂತರ ಕಾಯ್ದೆ ಹೆಚ್ಚಿನ ಶಿಕ್ಷೆ ಹೇಳುವಾಗ ದಲಿತರನ್ನೂ ಹೆಂಗಸರನ್ನೂ ಅಪ್ರಾಪ್ತರ, ಬುದ್ಧಿಭ್ರಮಣೆಯಾದವರ ಸಾಲಿನಲ್ಲೇ ನಿಲ್ಲಿಸಿತು. ನಮಗೆ ಸ್ವಂತ ಬುದ್ಧಿಯಿಲ್ಲ ಅಂತ ತಾನೇ ಅದರ ಅರ್ಥ?

ಚರ್ಚಿನ ಹಿರಿಯರಿಗೂ ಒಂದು ಮಾತು. ಕಂಬಳಿಯಿಂದ ಚಳಿ ಹೋಗುತ್ತೆ, ಜಾತಿ ಹೋಗಲ್ಲ. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕ್ರೈಸ್ತರ ಸ್ಮಶಾನದ ನಡುವೆಯೇ ಜಾತಿಯ ಗೋಡೆ ಎದ್ದಿತು. ಹೆಣಕ್ಕೂ ಮೈಲಿಗೆಯೇ?

ಸರ್ಕಾರದ ಗೋಡೆ ಇನ್ನೊಂದು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟರ ಪಟ್ಟಿಗೆ ಧರ್ಮದ ಷರತ್ತು ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆಯಲಿಲ್ಲ. 2007ರಲ್ಲಿ ರಂಗನಾಥ್ ಮಿಶ್ರಾ ಆಯೋಗ ಷರತ್ತು ತೆಗೀರಿ ಅಂದರೂ ಕೇಳಲಿಲ್ಲ. ದೇವರು ಬದಲಾದರೆ ಕೇರಿ ಬದಲಾಗುತ್ತದೆಯೇ?

ಹಾಸ್ಟೆಲ್ ಗೆಳೆಯರೇ, ಆ ನೋಟ್‌ಬುಕ್ಕು ತಗೊಳ್ಳಿ, ನಾಚಬೇಡಿ. ಅದರ ಹಾಳೆಯಲ್ಲೇ ಮನವಿ ಬರೀರಿ. ಫಾದರು, ಪಾಸ್ಟರು ಮೊದಲು ಸಹಿ ಹಾಕಲಿ. ಸ್ಮಶಾನದ ಗೋಡೆ ಒಡೆದು, ನಮ್ಮ ಮೆರವಣಿಗೆಗೆ ಬರಲಿ.

ದಾನ ಬೇಡ ಅನ್ನಲ್ಲ, ಹಕ್ಕು ಬಿಡಲ್ಲ!

ಜೈ ಭೀಮ್!