ಬ್ರಾಡ್‌ಬ್ಯಾಂಡ್ ವೇಗ: ಊರಿಗೊಂದು ಲೆಕ್ಕ, ಪರದೇಶಕ್ಕೊಂದು ಲೆಕ್ಕ



ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ವಾರ ಚಿಕ್ಕೋಡಿ ಸೀಮೆಯಲ್ಲಿದ್ದೆ. ನಮ್ಮ ಹಿರಿಯ ಮಗಳನ್ನು ನಿಪ್ಪಾಣಿಗೆ ಕೊಟ್ಟಿದ್ದೇವೆ. ಬೀಗರಿಗೆ ರಾಯಬಾಗ ತಾಲ್ಲೂಕಿನಲ್ಲಿ ಕಬ್ಬು, ಅವರ ತಮ್ಮನಿಗೆ ಅಥಣಿಯಲ್ಲಿ ದ್ರಾಕ್ಷಿ. ಬಯಲುಸೀಮೆಯ ಬೆಳೆಗೂ ನಮ್ಮ ಘಟ್ಟದ ಕಾಫಿ-ಅಡಿಕೆಗೂ ಸಂಬಂಧವಿಲ್ಲದಿದ್ದರೂ ಅಲ್ಲಿ ಕಂಡ ಒಂದು ಸಂಗತಿ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಅದನ್ನು ಸದಸ್ಯರ ಮುಂದಿಡಲು ಇಚ್ಛಿಸುತ್ತೇನೆ.

ಬೀಗರ ಕಿರಿಯ ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕೂತು ಅವನೊಡನೆ ವಿಡಿಯೋ ಕರೆಯಲ್ಲಿ ಮಾತಾಡುವುದು ವಾಡಿಕೆ. ಮನೆಗೆ 100 ಮೆಗಾಬಿಟ್ಟಿನ ಫೈಬರ್ ಸಂಪರ್ಕವಿದೆ, ಸಿನಿಮಾ ನಿಲ್ಲದೆ ಓಡುತ್ತದೆ. ಆದರೆ ಮಗನ ಮಾತು ಮಾತ್ರ ತುಂಡು ತುಂಡು. "ಬೀಗರ, ನಂಬರ್ ನೋಡ್ರಿ, ತೊಂಬತ್ನಾಕು ಐತಿ. ಆದ್ರ ಹುಡುಗನ ಮಾರಿ ನಡುವ ನಿಂತ ಬಿಡ್ತೈತಿ. ಇದೇನ್ ಲೆಕ್ಕ ಅಂತೀರಿ?" ಎಂದು ಕೇಳಿದರು. ಕಂಪನಿಯವನು ಬಂದು ನೋಡಿ "ಸ್ಪೀಡ್ ಬರಾಬರ್ ಐತ್ರಿ" ಎಂದು ಹೇಳಿ ಹೋಗಿದ್ದನಂತೆ.

ಅವನು ಸುಳ್ಳು ಹೇಳಿರಲಿಲ್ಲ, ಪೂರ್ತಿ ನಿಜವನ್ನೂ ಹೇಳಿರಲಿಲ್ಲ. ವೇಗ ಅಳೆಯುವ ತಂತ್ರಾಂಶ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತದೆ. ಸಿನಿಮಾ ಕಂಪನಿಗಳೂ ತಮ್ಮ ಸರಕನ್ನು ಮುಂಬಯಿ, ಬೆಂಗಳೂರಿನಂಥ ಕಡೆ ಉಗ್ರಾಣದಲ್ಲಿಟ್ಟಂತೆ ತಂದಿಟ್ಟಿರುತ್ತವೆ. ದೇಶದೊಳಗಿನ ಸಂಚಾರ ಪರದೇಶ ಸುತ್ತಿ ಬಾರದಿರಲೆಂದು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಸಂಸ್ಥೆಯೂ ಸ್ಥಾಪನೆಯಾಯಿತು. ಹೀಗಾಗಿ ಊರೊಳಗಿನ ಓಟ ಚೆನ್ನಾಗಿಯೇ ಇದೆ. ತೊಡಕು ಇರುವುದು ಸಮುದ್ರ ದಾಟುವಲ್ಲಿ.

ನಾವಿಬ್ಬರೂ ಕೂತು ಲಂಡನ್, ಫ್ರಾಂಕ್‌ಫರ್ಟ್ ಸರ್ವರುಗಳನ್ನು ಕೈಯಾರೆ ಆರಿಸಿ ಅಳೆದೆವು. ರಾತ್ರಿ ಒಂಬತ್ತಕ್ಕೆ ಊರಿನ ಲೆಕ್ಕ 94, ಲಂಡನ್ನಿನದು 6, ಫ್ರಾಂಕ್‌ಫರ್ಟಿನದು ಅದರ ಆಸುಪಾಸು. ಬೆಳಗಿನ ಜಾವ ಐದಕ್ಕೆ ಅಳೆದಾಗ ಲಂಡನ್ 40 ಕೊಟ್ಟಿತು.

ಇಲ್ಲಿ ಎರಡು ಕಾರಣಗಳನ್ನು ಬೇರೆ ಬೇರೆ ನೋಡಬೇಕು. ಮೊದಲನೆಯದು ದೂರ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಹತ್ತು ಸಾವಿರ ಕಿಲೋಮೀಟರಿನ ದಾರಿಯಾದರೆ ಹೋಗಿಬರಲು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕೇ ಬೇಕು. ಕುಡಚಿ ಕಡೆಯ ಗದ್ದೆಯಿಂದ ಕೃಷ್ಣೆ ದಾಟಿ ಕಾಗವಾಡ ತಾಲ್ಲೂಕಿನ ಉಗಾರದ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರನ್ನು ನೆನೆಯಿರಿ. ಅದೇ ಟ್ರ್ಯಾಕ್ಟರು ಕೊಲ್ಹಾಪುರಕ್ಕೆ ಹೋಗಿಬರಬೇಕಾದರೆ ಎಂಜಿನ್ನಿನ ಶಕ್ತಿ ಅಷ್ಟೇ ಇದ್ದರೂ ದಿನದ ಟ್ರಿಪ್ಪು ಕಡಿಮೆಯಾಗುತ್ತದೆ. ಇದು ಯಾರ ತಪ್ಪೂ ಅಲ್ಲ.

ಎರಡನೆಯದು ಜಿಪುಣತನ. ರಾತ್ರಿಯಾದರೆ ಲಂಡನ್ ದೂರವಾಗುವುದಿಲ್ಲ! ಬೆಳಗಿನ ಜಾವ 40 ಇದ್ದದ್ದು ರಾತ್ರಿ 6ಕ್ಕೆ ಇಳಿಯಿತೆಂದರೆ, ಮತ್ತು ಅದೇ ಹೊತ್ತಿಗೆ ಊರಿನ ಲೆಕ್ಕ 94 ಇತ್ತೆಂದರೆ, ಪರದೇಶದ ದಾರಿಯಲ್ಲಿ ನೂಕುನುಗ್ಗಲಾಗಿದೆ ಎಂದೇ ಅರ್ಥ. ಕಂಪನಿ ಹೊರಗಿನ ಸಾಮರ್ಥ್ಯವನ್ನು ಗಿರಾಕಿಗಳ ಸಂಖ್ಯೆಗೆ ತಕ್ಕಷ್ಟು ಕೊಂಡಿಲ್ಲವೆಂಬ ಸಂಶಯ ಸಹಜ. 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಬಳಿ ಕೆಂಪು ಸಮುದ್ರದ ಕೇಬಲ್ಲುಗಳು ಕಡಿದಾಗ ಭಾರತದಲ್ಲೂ ಸಂಪರ್ಕ ಕುಂಟಿತು, ಅದು ಆಕಸ್ಮಿಕ. ಆದರೆ ನಿತ್ಯ ರಾತ್ರಿಯ ಕುಂಟು ಆಕಸ್ಮಿಕವಲ್ಲ.

ನಮಗೇನು ಇದರಿಂದ ಎಂದು ಕೆಲವರು ಕೇಳಬಹುದು. 1996ರ ಹೊತ್ತಿಗೆ ಕಾಫಿ ಮಂಡಳಿಯ ಪೂಲಿಂಗ್ ಮುಗಿದ ಮೇಲೆ ನಾವು ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಧಾರಣೆ ನೋಡುತ್ತ ಬಂದಿದ್ದೇವೆ. ಬರೇ ಧಾರಣೆ ನೋಡಲು ಹೆಚ್ಚಿನ ವೇಗ ಬೇಡವೆಂಬುದನ್ನು ಒಪ್ಪುತ್ತೇನೆ. ನನ್ನ ಚಿಂತೆ ಮಕ್ಕಳದು. 2020ರಲ್ಲಿ ಲಾಕ್‌ಡೌನ್ ಆದಾಗ ನನ್ನ ಮಗ ತೋಟಕ್ಕೆ ಬಂದು ಇಲ್ಲಿಂದಲೇ ಪರದೇಶದ ಕಂಪನಿಯ ಕೆಲಸ ಮಾಡಿದ. ಬೆಳಿಗ್ಗೆ ಕೆಲಸಗಾರರನ್ನು ನೋಡಿಕೊಂಡು ಸಂಜೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಸಂಜೆಯ ಸಭೆಗಳು ಪದೇ ಪದೇ ಕಡಿದುಹೋಗತೊಡಗಿದವು. ಎರಡು ವರ್ಷ ಸಹಿಸಿ ಬೆಂಗಳೂರಿಗೆ ವಾಪಸಾದ. ಈಗ ತೋಟದಲ್ಲಿ ನಾವು ಮುದುಕರಿಬ್ಬರೇ. ಇಂಥ ಮನೆಗಳು ನಮ್ಮ ಸಂಘದ ವ್ಯಾಪ್ತಿಯಲ್ಲಿ ಎಷ್ಟಿವೆ ಎಂಬುದು ತಮಗೇ ಗೊತ್ತು.

ಸರ್ಕಾರ 2013ರಲ್ಲಿ 512 ಕಿಲೋಬಿಟ್ಟಿಗೆ ಬ್ರಾಡ್‌ಬ್ಯಾಂಡ್ ಎಂದು ಹೆಸರಿಟ್ಟಿತು, 2023ರಲ್ಲಿ ಅದನ್ನು 2 ಮೆಗಾಬಿಟ್ಟಿಗೆ ಏರಿಸಿತು. ಮನೆಯಲ್ಲೇ ಕೂತು ಪರದೇಶದ ಕೆಲಸ ಮಾಡುವವನಿಗೆ ಇಷ್ಟರಿಂದ ಏನೂ ಆಗದು. ಆದ್ದರಿಂದ ನನ್ನ ಸಲಹೆಗಳು ಇವು.

ಒಂದು: ಪ್ರತಿ ಸದಸ್ಯರೂ ಒಂದು ವಾರ ಬೆಳಗಿನ ಜಾವ ಮತ್ತು ರಾತ್ರಿ ಒಂಬತ್ತಕ್ಕೆ, ಊರಿನ ಹಾಗೂ ಪರದೇಶದ ಸರ್ವರುಗಳೆರಡಕ್ಕೂ ವೇಗ ಅಳೆದು, ಮಳೆಯ ಲೆಕ್ಕ ಬರೆದಂತೆ ಪುಸ್ತಕದಲ್ಲಿ ಬರೆದಿಡಬೇಕು.

ಎರಡು: ಹೊಸ ಸಂಪರ್ಕ ಪಡೆಯುವಾಗ "ರಾತ್ರಿ ಹೊತ್ತು ಪರದೇಶಕ್ಕೆ ಎಷ್ಟು?" ಎಂದು ಬರವಣಿಗೆಯಲ್ಲಿ ಕೇಳಬೇಕು.

ಮೂರು: ದೂರು ಕೊಟ್ಟಾಗ ನೋಂದಣಿ ಸಂಖ್ಯೆ ಬಿಡದೆ ಪಡೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಟ್ರಾಯ್‌ನ 2012ರ ನಿಯಮದಂತೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಒಬ್ಬೊಬ್ಬರೇ ಕೂಗಿದರೆ ಯಾರೂ ಕೇಳುವುದಿಲ್ಲ. ಗೊಬ್ಬರವನ್ನು ಒಟ್ಟಾಗಿ ಕೊಂಡು ಬೆಲೆ ಇಳಿಸಿದವರು ನಾವು. ಈ ಲೆಕ್ಕದ ಪುಸ್ತಕಗಳನ್ನು ಮುಂದಿನ ಸರ್ವಸಾಧಾರಣ ಸಭೆಗೆ ತನ್ನಿ, ಒಟ್ಟಾಗಿ ಒಂದೇ ಮನವಿ ಬರೆಯೋಣ. ನಿಪ್ಪಾಣಿಯ ಬೀಗರೂ ತಮ್ಮ ಓಣಿಯ ಹತ್ತು ಮನೆಗಳ ಲೆಕ್ಕ ಬರೆಯಲು ಶುರು ಮಾಡಿದ್ದಾರೆ. ನಾವು ಹಿಂದೆ ಬೀಳುವುದು ಬೇಡ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ