ಹಳೆ ಕಾರು, ಜೋರು ಕಾರು: ಇನ್ಸೂರೆನ್ಸ್ ಕಂತು ಕಡಿಮೆ ಅಂತ ಖುಷಿಪಡೋ ಮೊದಲು ಪಾಲಿಸಿಯಲ್ಲಿ ಗಾಡಿ ಬೆಲೆ ಎಷ್ಟಿದೆ ನೋಡಿ

ಬೆಳಗಾವಿ/ಖಾನಾಪುರ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆ ಮೇಲಿನ ಜಿಎಸ್‌ಟಿ ಹೋಯಿತು. ಗಾಡಿ ವಿಮೆಗೆ ಆ ಭಾಗ್ಯ ಸಿಗಲಿಲ್ಲ, ಶೇ 18 ಹಾಗೇ ಉಳಿಯಿತು. ಹೀಗಾಗಿ ಮನೆ ಮುಂದೆ ಅಜ್ಜನ ಕಾಲದ ಅಂಬಾಸಿಡರ್ ಇಟ್ಟುಕೊಂಡವರೂ, ಹೊಸ ಟರ್ಬೊ ಕಾರು ತಂದ ಹುಡುಗರೂ ನವೀಕರಣದ ಹೊತ್ತಿಗೆ ಏಜೆಂಟರಿಗೆ ಕೇಳೋದು ಒಂದೇ ಪ್ರಶ್ನೆ: ಎಲ್ಲಿ ಕಡಿಮೆ ಬೀಳತೈತಿ? ಕ್ಲೇಮ್ ಬಂದಾಗ ಕೈ ಸುಡುವುದು ಈ ಪ್ರಶ್ನೆಯಿಂದಲೇ. ಕಂತಿಗಿಂತ ಮೊದಲು ನೋಡಬೇಕಾದದ್ದು ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ, ಅಂದರೆ ಐಡಿವಿ.

ಕಂತಿನಲ್ಲಿ ಎರಡು ಭಾಗ

ಮೊದಲನೆಯದು ಥರ್ಡ್ ಪಾರ್ಟಿ. ಇದು ಕಡ್ಡಾಯ, ಇದರ ದರ ಸರ್ಕಾರದ್ದು. ಯಾವ ಕಂಪನಿಗೆ ಹೋದರೂ ಅಷ್ಟೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1,000 ಸಿಸಿವರೆಗೆ ₹2,094, 1,500 ಸಿಸಿವರೆಗೆ ₹3,416, ಅದಕ್ಕೂ ಮೇಲೆ ₹7,897. ಜಿಎಸ್‌ಟಿ ಬೇರೆ.

ಇಲ್ಲಿ ಗಾಡಿ ಎಷ್ಟು ಜೋರು ಓಡುತ್ತದೆ ಅನ್ನೋದು ಲೆಕ್ಕಕ್ಕಿಲ್ಲ, ಎಂಜಿನ್ ಗಾತ್ರವಷ್ಟೇ ಲೆಕ್ಕ. 1,498 ಸಿಸಿಯ ಹೊಸ ಟರ್ಬೊ ಕಾರಿಗೂ 1,089 ಸಿಸಿಯ ಹಳೆ ಪ್ರೀಮಿಯರ್ ಪದ್ಮಿನಿಗೂ ಒಂದೇ ದರ. ಅದೇ 1,817 ಸಿಸಿ ಎಂಜಿನ್‌ನ ಅಂಬಾಸಿಡರ್‌ಗೆ ಅದರ ಎರಡು ಪಟ್ಟಿಗಿಂತ ಹೆಚ್ಚು.

ಎರಡನೆಯದು ಸ್ವಂತ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಭಾಗ. 2007ರಿಂದ ಇದರ ದರವನ್ನು ಕಂಪನಿಗಳೇ ನಿರ್ಧರಿಸುತ್ತವೆ. ಗಾಡಿಯ ಬೆಲೆ, ವಯಸ್ಸು, ಎಂಜಿನ್, ನೋಂದಣಿಯ ಊರು, ಬಿಡಿಭಾಗಗಳ ರೇಟು, ಆ ಮಾಡೆಲ್‌ನಲ್ಲಿ ಬಂದ ಕ್ಲೇಮ್‌ಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಜೋರು ಕಾರಿನ ಕಂತು ಏರುವುದು ಇಲ್ಲಿ. ಬೇರೆ ದೇಶದಿಂದ ಬರುವ ಹೆಡ್‌ಲೈಟ್, ಬಂಪರ್, ಟರ್ಬೊ ಬಿಲ್ ಕೊಡುವುದು ಕಂಪನಿಯೇ ತಾನೇ.

ಪುಣೆ ಗಾಡಿ, ಬೆಳಗಾವಿ ಗಾಡಿ

ಹಳೆ ದರಪಟ್ಟಿಯಲ್ಲಿ ಬೆಂಗಳೂರು, ಮುಂಬೈ, ಪುಣೆ ಸೇರಿ ಎಂಟು ಮಹಾನಗರಗಳು 'ಎ' ವಲಯ, ಬೆಳಗಾವಿ 'ಬಿ' ವಲಯ. ಐದು ವರ್ಷದೊಳಗಿನ, 1,500 ಸಿಸಿವರೆಗಿನ ಕಾರಿಗೆ ಅಲ್ಲಿ ಶೇ 3.283, ಇಲ್ಲಿ ಶೇ 3.191. ₹10 ಲಕ್ಷದ ಕಾರಿಗೆ ವ್ಯತ್ಯಾಸ ಸುಮಾರು ₹920 ಮಾತ್ರ.

ಪುಣೆ, ಮುಂಬೈಯಿಂದ ಸೆಕೆಂಡ್‌ಹ್ಯಾಂಡ್ ಕಾರು ತಂದವರು ಎಚ್ಚರ ವಹಿಸಬೇಕಾದದ್ದು ಬೇರೆ ಕಡೆ. ಮಾರಿದವರ ನೋ ಕ್ಲೇಮ್ ಬೋನಸ್ ಮಾರಿದವರದ್ದೇ, ಗಾಡಿ ಜೊತೆ ಬರೋದಿಲ್ಲ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡದಿದ್ದರೆ ಸ್ವಂತ ಹಾನಿಯ ಕ್ಲೇಮ್ ತಿರಸ್ಕಾರ ಆಗಬಹುದು.

₹60 ಸಾವಿರದ ಪದ್ಮಿನಿ

ಒಂದು ಲೆಕ್ಕ ನೋಡಿ. ಹಳೆ ಪದ್ಮಿನಿಗೆ ಟಿನ್ ಕೆಲಸ, ಪೇಂಟ್, ಎಂಜಿನ್ ಅಂತ ₹3 ಲಕ್ಷ ಹಾಕಲಾಗಿದೆ. ಕಂತು ಕಡಿಮೆ ಬರಲಿ ಅಂತ ಪಾಲಿಸಿಯಲ್ಲಿ ₹60,000 ಬೆಲೆ ಬರೆಸಲಾಗಿದೆ. ಹತ್ತು ವರ್ಷ ಮೀರಿದ ಕಾರಿಗೆ ಹಳೆ ಪಟ್ಟಿಯ ಶೇ 3.43ರಂತೆ ಓನ್ ಡ್ಯಾಮೇಜ್ ಕಂತು ₹2,058. ₹3 ಲಕ್ಷ ಬರೆಸಿದ್ದರೆ ₹10,290. ವರ್ಷಕ್ಕೆ ಉಳಿದದ್ದು ಸುಮಾರು ₹8,200.

ಈ ಕಾರು ಜಾಂಬೋಟಿ ರಸ್ತೆಯಲ್ಲಿ ಮರಕ್ಕೆ ಗುದ್ದಿತು ಅಂತ ಇಟ್ಟುಕೊಳ್ಳಿ. ದುರಸ್ತಿ ಖರ್ಚು ಐಡಿವಿಯ ಶೇ 75 ದಾಟಿದರೆ ಗಾಡಿ 'ಟೋಟಲ್ ಲಾಸ್'. ಇಲ್ಲಿ ಆ ಗಡಿ ಬರೀ ₹45,000. ಮುಂದಿನ ಭಾಗ ಜಜ್ಜಿದರೂ ಸಾಕು, ಅಷ್ಟು ಬಿಲ್ ಆಗುತ್ತದೆ. ಸಿಗುವುದು ₹60,000, ಅದರಲ್ಲೂ ಕಡ್ಡಾಯ ಕಡಿತ ಇದೆ. ಗಾಡಿ ತಮಗೇ ಬೇಕು ಅಂದರೆ ಗುಜರಿ ಬೆಲೆಯನ್ನೂ ಕಳೆಯುತ್ತಾರೆ. ₹8,200 ಉಳಿಸಲು ಹೋಗಿ ₹2.4 ಲಕ್ಷ ಮಾಲೀಕನ ತಲೆ ಮೇಲೆ.

ಸಣ್ಣ ಅಪಘಾತದಲ್ಲೂ ಪೂರ್ತಿ ದುಡ್ಡು ಬರೋದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಶೇ 50 ಸವಕಳಿ. ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೂ ಅಷ್ಟೇ. ಹಳೆ ಗಾಡಿಗೆ ಜೀರೊ ಡೆಪ್ ಕೊಡುವ ಕಂಪನಿಗಳು ಕಡಿಮೆ.

ಇದಕ್ಕೆ ದಾರಿ ಇದೆ. ಐದು ವರ್ಷ ಮೀರಿದ ಗಾಡಿಯ ಬೆಲೆಯನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿಕೊಂಡು ಬರೆಯಬೇಕು ಅನ್ನೋದೇ ನಿಯಮ. ಪೋರ್ಟಲ್ ತೋರಿಸಿದ ಅಂಕಿಗೆ ತಲೆ ಆಡಿಸಬೇಕಿಲ್ಲ. ಮೌಲ್ಯಮಾಪಕರ ವರದಿ, ಗ್ಯಾರೇಜ್ ಬಿಲ್, ಫೋಟೊ ಇಟ್ಟುಕೊಂಡು ಕೇಳಬೇಕು. ಮಿಸ್ತ್ರಿ ಹತ್ತಿರ ಬಾಯಿಮಾತಲ್ಲಿ ಮುಗಿಸಿದ ಕೆಲಸಕ್ಕೆ ಇಲ್ಲಿ ಬೆಲೆ ಇಲ್ಲ.

ಹಾಗಂತ ಎಲ್ಲರಿಗೂ ಫುಲ್ ಇನ್ಸೂರೆನ್ಸ್ ಬೇಕಂತಲ್ಲ. ₹40,000ಕ್ಕೆ ಮಾರಾಟವಾಗುವ, ದಿನಬಳಕೆಯ ಮಾರುತಿ 800ಕ್ಕೆ ಥರ್ಡ್ ಪಾರ್ಟಿ ಸಾಕು ಅನ್ನೋದರಲ್ಲಿ ತಪ್ಪಿಲ್ಲ.

ವಿಂಟೇಜ್ ನಂಬರ್ ಲಾಭವೇ?

2021ರ ಜುಲೈ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 'ವಿಎ' ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಶುಲ್ಕ ₹20,000, ಅವಧಿ 10 ವರ್ಷ. ವಿಂಟೇಜ್ ಅಂತ ನೋಂದಾಯಿಸಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿಯಲ್ಲಿ ಅರ್ಧ ರಿಯಾಯಿತಿ.

ಪದ್ಮಿನಿಗೆ ಜಿಎಸ್‌ಟಿ ಸೇರಿ ವರ್ಷಕ್ಕೆ ಉಳಿಯುವುದು ಸುಮಾರು ₹2,015. ಹತ್ತು ವರ್ಷಕ್ಕೆ ₹20,150. ಕಟ್ಟಿದ ಶುಲ್ಕಕ್ಕೂ ಉಳಿದದ್ದಕ್ಕೂ ಸರಿಸಮ. 1,500 ಸಿಸಿ ಮೀರಿದ್ದಾದರೆ ವರ್ಷಕ್ಕೆ ₹4,650ರಷ್ಟು ಉಳಿತಾಯ. ಆದರೆ ವಿಎ ಗಾಡಿ ದಿನಬಳಕೆಗೆ, ಬಾಡಿಗೆಗೆ ಓಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸಲು ಮಾತ್ರ ರಸ್ತೆಗಿಳಿಯಬಹುದು. ಖಾನಾಪುರ ಸಂತೆಗೆ ಹೋಗಿಬರುವ ಹಳೆ ಜೀಪಿಗೆ ಇದು ಹೊಂದೋದಿಲ್ಲ.

ಮುಚ್ಚಿಟ್ಟರೆ ಮುಳುಗಿದಂತೆ

ಸೈಲೆನ್ಸರ್ ಬದಲಿಸುವುದು, ಎಂಜಿನ್ ರಿಮ್ಯಾಪ್ ಮಾಡಿಸುವುದು, ದೊಡ್ಡ ಅಲಾಯ್ ವೀಲ್ ಹಾಕಿಸುವುದು ಜೋರು ಕಾರಿನವರ ಖಯಾಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ತಯಾರಕರ ವಿವರಕ್ಕೆ ವ್ಯತ್ಯಾಸ ಆಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಕಾನೂನು ಒಪ್ಪುವ ಹೆಚ್ಚುವರಿ ಸಾಮಾನಿಗೂ ಕಂಪನಿಗೆ ತಿಳಿಸಿ ಬೆಲೆ ಬರೆಸಬೇಕು. ಕಂತು ಸ್ವಲ್ಪ ಏರಬಹುದು. ತಿಳಿಸದಿದ್ದರೆ ಕ್ಲೇಮ್ ಹೊತ್ತಿಗೆ ಸರ್ವೇಯರ್ ಕಣ್ಣಿಗೆ ಮೊದಲು ಬೀಳುವುದು ಅದೇ.

ಇನ್ನೊಂದು, ನಮ್ಮ ಮಳೆ. ಕಣಕುಂಬಿ, ಚೋರ್ಲಾ, ಅನಮೋಡ ಕಡೆ ಮಳೆಗಾಲದಲ್ಲಿ ಓಡಾಡುವವರಿಗೆ ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ದಂಡದ ಖರ್ಚಲ್ಲ. ನೀರು ಹೊಕ್ಕ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ. ನೀರಲ್ಲಿ ಬಂದ್ ಬಿದ್ದ ಗಾಡಿಯ ಕೀಲಿ ಮತ್ತೆ ತಿರುಗಿಸಬಾರದು.

ಕಟ್ಟುವ ಮೊದಲು

ಐಡಿವಿ ಎಷ್ಟು, ಯಾವ ಆಡ್-ಆನ್ ಇದೆ, ಮಾರ್ಪಾಡು ಬರೆದಿದೆಯೇ, ನೋ ಕ್ಲೇಮ್ ಬೋನಸ್ ನಿಜವಾಗಿ ತಮ್ಮದೇ, ಈ ನಾಲ್ಕನ್ನು ನೋಡಿಯೇ ದುಡ್ಡು ಕಟ್ಟಬೇಕು. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಹೋಯಿತೆಂದೇ ಲೆಕ್ಕ.

ಕ್ಲೇಮ್ ತಕರಾರು ಇದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಸಹಾಯವಾಣಿ ಇದೆ. ನಂತರ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.