ಕೃಷ್ಣೆ ದಾಟಿ ಒಂದು ಗುಡ್ಡ ಹತ್ತಿ ಬನ್ನಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಿರಿಯರೇ, ಅಕ್ಕ-ತಂಗಿಯರೇ, ತಮ್ಮಂದಿರೇ, ಶಾಲೆ-ಕಾಲೇಜುಗಳ ಗುರುಗಳೇ,

ನಮ್ಮ ಮಂದಿಗೆ ನಡೆಯಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಊರುಗಳಿಂದ ಸಾವಿರಾರು ಜನ ಮಲ್ಲಯ್ಯನ ಹೆಸರು ಹೇಳುತ್ತ ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಸುಡುಬಿಸಿಲಾಗಲಿ, ನಲ್ಲಮಲ ಕಾಡಿನ ಏರಾಗಲಿ, ಅಂಗಾಲಿನ ಬೊಬ್ಬೆಯಾಗಲಿ ಅವರನ್ನು ನಿಲ್ಲಿಸುವುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮುದುಕಿಯರೂ ಹೋಗಿ ಬರುತ್ತಾರೆ. ಇದೇ ಜನಕ್ಕೆ, ಜಾತ್ರೆ ಇಲ್ಲದ ಒಂದು ಗುಡ್ಡ ಹತ್ತೋಣ ಬರ್ರಿ ಎಂದು ಕೇಳಿ ನೋಡಿ. "ಅಲ್ಲೇನೈತಿ? ಬರೇ ಕಲ್ಲು" ಎನ್ನುತ್ತಾರೆ. ಈ ಮನವಿ ಬರೆಯುತ್ತಿರುವುದು ಆ ಬರೇ ಕಲ್ಲಿನ ಪರವಾಗಿ.

ನಮ್ಮ ಮಂದಿಯ ಈ ಮಾತು ಪೂರ್ತಿ ತಪ್ಪೂ ಅಲ್ಲ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕಣ್ಣು ಹಾಯಿಸಿದಷ್ಟೂ ಎರಿಹೊಲ, ನಡುನಡುವೆ ಹುಲ್ಲು ಒಣಗಿದ ಮಡ್ಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರಪದರವಾಗಿ ಹರಡಿ ಗಟ್ಟಿಯಾಯಿತು. ಆ ಕರಿಕಲ್ಲೇ ಸವೆದು ಬಿಳಿಜೋಳ ಬೆಳೆಯುವ ನಮ್ಮ ಎರಿ ಆಯಿತು. ಇಂಗಳೇಶ್ವರದ ಗವಿಯಂಥ ಕೆಲವು ಜಾಗ ಬಿಟ್ಟರೆ ಹತ್ತಿ ನಿಂತು ಸುತ್ತ ನೋಡುವಂಥ ಎತ್ತರ ನಮ್ಮಲ್ಲಿ ಕಡಿಮೆ. ಆದರೆ ಕೃಷ್ಣೆ ದಾಟಿ ದಕ್ಷಿಣಕ್ಕೆ ಸಾಗಿದರೆ ಕಲ್ಲಿನ ಬಣ್ಣ ಬದಲಾಗುತ್ತದೆ. ಹುನಗುಂದ ಹಿಂದೆ ಬಿತ್ತೆಂದರೆ ಕೆಂಪು ಮರಳುಗಲ್ಲಿನ ಸೀಮೆ ಬಂತೆಂದೇ ಲೆಕ್ಕ. ಅದು ನಮ್ಮ ಲಾವಾಕ್ಕಿಂತ ಎಷ್ಟೋ ಪಟ್ಟು ಹಳೆಯದು. ಬಾದಾಮಿಯ ಬಂಡೆಗಳಲ್ಲಿ ಹಳೆಯ ನೀರಿನ ಅಲೆಗಳು ಮರಳಿನ ಮೇಲೆ ಬಿಟ್ಟ ಗೆರೆಗಳು ಇನ್ನೂ ಹಾಗೇ ಇವೆ.

ಇಲ್ಲಿನ ಗುಡ್ಡಗಳು ದೊಡ್ಡವಲ್ಲ. ಹತ್ತಲು ಹಗ್ಗ ಬೇಡ, ಸಾವಿರಗಟ್ಟಲೆ ರೂಪಾಯಿಯ ಬೂಟೂ ಬೇಡ. ಐಹೊಳೆಯ ಮೇಗುಟಿ ಗುಡ್ಡವನ್ನೇ ತೆಗೆದುಕೊಳ್ಳಿ. ಊರ ಬದಿಯಿಂದ ಮೆಟ್ಟಿಲುಗಳಿವೆ, ಎಂಟು ವರ್ಷದ ಹುಡುಗ ಅಜ್ಜನ ಕೈ ಹಿಡಿದು ಹತ್ತಬಹುದು. ಅರ್ಧದಲ್ಲಿ ಎರಡಂತಸ್ತಿನ ಬೌದ್ಧ ಗುಡಿ, ಅದರ ಒಂದು ಭಾಗ ಬಂಡೆಯನ್ನೇ ಕೊರೆದದ್ದು. ಮೇಲೆ ಕೋಟೆಗೋಡೆ, ಅದರೊಳಗೆ ಮೇಗುಟಿ ಬಸದಿ. ಅದರ ಮೂಡಣ ಗೋಡೆಯ ಮೇಲೆ 19 ಸಾಲಿನ ಒಂದು ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಬರೆಸಿದವನು ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ ರವಿಕೀರ್ತಿ. ಭಾರತ ಯುದ್ಧ ಮುಗಿದು 3735 ವರ್ಷ, ಶಕ 556 ಎಂದು ಕಾಲವನ್ನೂ ಕೊರೆಸಿದ್ದಾನೆ. ಅಂದರೆ ಕ್ರಿ.ಶ. 634. ಹರ್ಷನನ್ನು ಪುಲಕೇಶಿ ತಡೆದ ಸಂಗತಿ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿದೆಯಲ್ಲ, ಅದಕ್ಕೆ ಮುಖ್ಯ ಆಧಾರ ಈ ಕಲ್ಲು. ಕಾಳಿದಾಸ, ಭಾರವಿಯರಷ್ಟು ಕೀರ್ತಿ ತನಗೂ ಉಂಟೆಂದು ಕವಿ ತಾನೇ ಹೇಳಿಕೊಂಡಿರುವುದೂ ಇಲ್ಲೇ. ಸಂಕೋಚ ಅವನಿಗೆ ಅಷ್ಟಾಗಿ ಇದ್ದಂತಿಲ್ಲ. ಆದರೆ ಅವನು ಹಾಗೆ ಹೇಳಿದ್ದರಿಂದಲೇ ಕಾಳಿದಾಸ 634ಕ್ಕೆ ಮೊದಲಿನವನು ಎಂದು ವಿದ್ವಾಂಸರು ಗಟ್ಟಿಯಾಗಿ ಹೇಳುವಂತಾಯಿತು.

ಬಂದವರಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಬಸದಿಯ ಮುಂದೆ ಫೋಟೊ ಹೊಡೆಸಿಕೊಂಡು, ಕೆಳಗಿನ ದುರ್ಗದ ಗುಡಿಯ ದುಂಡನೆಯ ಬೆನ್ನನ್ನೂ ಮಲಪ್ರಭೆಯ ಬಯಲನ್ನೂ ನೋಡಿ ಇಳಿದುಬಿಡುತ್ತಾರೆ. ನಾನು ನಿಮ್ಮನ್ನು ಕೇಳಿಕೊಳ್ಳುವುದು ಬಸದಿಯ ಹಿಂದಕ್ಕೂ ಹೋಗಿ ಎಂದು. ಅಲ್ಲಿ ಕಳ್ಳಿ, ಕುರುಚಲು ಗಿಡಗಳ ನಡುವೆ ಚಪ್ಪಟೆ ಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ದೊಡ್ಡ ಹಾಸುಗಲ್ಲು ಹೊದಿಸಿದ ಗೂಡುಗಳು ಹತ್ತಾರು ಇವೆ. ಕೆಲವು ನೆಟ್ಟಗಿವೆ, ಕೆಲವು ಕುಸಿದಿವೆ. ಇವು ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದವು. ಕಬ್ಬಿಣ ಬಳಸಲು ಕಲಿತಿದ್ದ ಜನ ಕ್ರಿಸ್ತಪೂರ್ವದ ಶತಮಾನಗಳಲ್ಲಿ ಇಂಥವನ್ನು ದಕ್ಷಿಣದ ತುಂಬ ಕಟ್ಟಿದರು. ಈ ಗುಡ್ಡದ ಮರಳುಗಲ್ಲು ತಾನಾಗಿಯೇ ಹಲಗೆ ಹಲಗೆಯಾಗಿ ಬಿಡುವಂಥದ್ದು, ಹಾಗಾಗಿ ಕಲ್ಲಿಗಾಗಿ ಅವರು ದೂರ ಹೋಗಬೇಕಾಗಿರಲಿಲ್ಲ. ರವಿಕೀರ್ತಿ ಬಸದಿ ಕಟ್ಟಿಸುವಾಗ ಈ ಗೂಡುಗಳು ಆಗಲೇ ಹಳೆಯವಾಗಿದ್ದವು. ಒಂದೇ ಗುಡ್ಡದ ನೆತ್ತಿಯನ್ನು ಇಷ್ಟು ಬೇರೆ ಬೇರೆ ಕಾಲದವರು ಯಾಕೆ ಆರಿಸಿಕೊಂಡರು? ಪುಸ್ತಕ ತೆರೆಯುವ ಮೊದಲು ಅಲ್ಲಿ ನಿಂತು ಮಕ್ಕಳನ್ನು ಈ ಪ್ರಶ್ನೆ ಕೇಳಿ.

ಇನ್ನೂ ದೂರ ಹೋಗುವ ಮನಸ್ಸಿದ್ದವರಿಗೆ ಗಂಗಾವತಿ ಕಡೆಯ ಹಿರೇಬೆಣಕಲ್ ಇದೆ. ಅಲ್ಲಿ ಗುಡ್ಡದ ಮೇಲೆ ಇಂಥ ರಚನೆಗಳು ಸುಮಾರು 400. ಸುತ್ತಲಿನ ಜನ ಅದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಕುಳ್ಳಗಿನ ಮೋರೇರು ಆ ಕಲ್ಲುಮನೆಗಳಲ್ಲಿ ಬಾಳಿದ್ದರೆಂಬ ಕತೆ ಅಲ್ಲಿದೆ. ಎತ್ತರದ ಬಂಡೆಯ ಮೇಲೆ ನಗಾರಿಯಂಥ ಒಂದು ದುಂಡುಕಲ್ಲು ಕೂತಿದೆ, ಬಡಿದರೆ ಸದ್ದು ದೂರಕ್ಕೆ ಹೋಗುತ್ತದೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆ ಸೀಮೆಯ ಬಂಡೆಗುಡ್ಡಗಳಲ್ಲಿ ಹಳದಿ ಕತ್ತಿನ ಪಿಕಳಾರ ಹಕ್ಕಿಯಿದೆ. ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ. ಬಂಡೆ ಒಡೆದು ಜಲ್ಲಿ ಮಾಡಿದರೆ ಅದಕ್ಕೆ ಹೋಗಲು ಇನ್ನೊಂದು ಊರಿಲ್ಲ.

ಮುದ್ದೇಬಿಹಾಳದವರಿಗಂತೂ ಇಷ್ಟು ದೂರವೂ ಬೇಡ. ನಾಲತವಾಡದಿಂದ ಮುಂದೆ ನಾರಾಯಣಪುರ, ಕೊಡೇಕಲ್ ದಾಟಿದರೆ ರಾಜನಕೋಳೂರು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅಲ್ಲಿನ ಕಲ್ಲುಗೂಡುಗಳ ಬಗ್ಗೆ 1850ರ ದಶಕದಲ್ಲೇ ಬರೆದ. ಪಕ್ಕದ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಆದಿಮಾನವ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನೇ ಅಗೆದು ತೆಗೆದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಜಗತ್ತಿನ ವಿದ್ವಾಂಸರು ಹುಡುಕಿಕೊಂಡು ಬರುವ ಜಾಗವನ್ನು ತಾಳಿಕೋಟಿ ಕಡೆಯ ನಾವು ದ್ರಾಕ್ಷಿ, ತೊಗರಿ ಮಾರುವ ಗಡಿಬಿಡಿಯಲ್ಲಿ ಒಮ್ಮೆಯೂ ಇಳಿದು ನೋಡದೆ ಹಾದುಹೋಗುತ್ತೇವೆ.

ಹೀಗೆ ಕರೆಯುವುದಕ್ಕೆ ಒಂದು ಆಕ್ಷೇಪ ಬರುತ್ತದೆಂದು ಗೊತ್ತು. ಜನ ಬಂದರೆ ಪ್ಲಾಸ್ಟಿಕ್ ಬರುತ್ತದೆ, ಬಾಟಲಿ ಬರುತ್ತದೆ, ಹೆಸರು ಗೀಚುವವರು ಬರುತ್ತಾರೆ, ಸುಮ್ಮನೆ ಬಿಟ್ಟರೇ ಕಲ್ಲಿಗೆ ಕ್ಷೇಮ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಊರವರು ಯಾರೂ ಹತ್ತದ ಗುಡ್ಡಕ್ಕೆ ಕ್ವಾರಿಯವರು ಹತ್ತುತ್ತಾರೆ, ನಿಧಿ ಹುಡುಕುವವರು ರಾತ್ರಿ ಹತ್ತುತ್ತಾರೆ. ಒಂದು ಹಾಸುಗಲ್ಲು ಕಾಣೆಯಾದರೆ ಕೇಳಲು ಅದು ಅಲ್ಲಿತ್ತು ಎಂಬುದಾದರೂ ಯಾರಿಗಾದರೂ ನೆನಪಿರಬೇಕಲ್ಲ? ಹೊನ್ನಿನ ಆಸೆಯಿಂದ ಅಗೆಯುವವರಿಗೆ ಒಂದು ಮಾತು: ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಡೆದ ಮಡಕೆ, ಎಲುಬಿನ ಚೂರು, ತುಕ್ಕು ಹಿಡಿದ ಕಬ್ಬಿಣ, ನಾಲ್ಕು ಮಣಿ. ನಿಮ್ಮ ಸಾಲ ಅದರಿಂದ ತೀರುವುದಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಧಕ್ಕೆ ಮಾಡಿದರೆ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಪ್ರೇಮಿಗಳಿಬ್ಬರ ಹೆಸರನ್ನು ಕಲ್ಲಿನ ಮೇಲೆ ಕೊರೆಯುವುದೂ ಧಕ್ಕೆಯೇ. ಗುಡಿಯ ಹಳೆಯ ಮೂರ್ತಿಗೆ ಭಕ್ತಿಯಿಂದ ಆಯಿಲ್ ಪೇಂಟ್ ಬಳಿಯುವ ಹಿರಿಯರೇ, ದಯಮಾಡಿ ಅದನ್ನೂ ಬಿಡಿ.

ಗುರುಗಳಲ್ಲಿ ಬೇರೆಯೇ ಒಂದು ಬೇಡಿಕೆ. ಇಂಡಿ ಪಕ್ಕದ ಸಾಲೋಟಗಿಯ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಅಲ್ಲೊಂದು ವಿದ್ಯಾಶಾಲೆಯಿತ್ತು, ನಾನಾ ನಾಡಿನ ವಿದ್ಯಾರ್ಥಿಗಳು ಬರುತ್ತಿದ್ದರು ಎಂದು ಅದು ಹೇಳುತ್ತದೆ. ಓದಲು ದೇಶಾಂತರದಿಂದ ಹುಡುಗರು ಬರುತ್ತಿದ್ದ ಸೀಮೆಯ ಮಕ್ಕಳನ್ನು ಇಂದು ನಾವು ಶಾಲಾ ಪ್ರವಾಸದ ಹೆಸರಿನಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ, ವಾಂತಿ ಮಾಡಿಸುತ್ತ, ಎಲ್ಲೋ ದೂರದ ವಾಟರ್ ಪಾರ್ಕಿಗೆ ಒಯ್ಯುತ್ತೇವೆ. ಅದೂ ಇರಲಿ, ಮಕ್ಕಳು ನೀರಾಟ ಆಡಲಿ. ಅದರ ಜತೆಗೆ ಒಂದು ದಿನದ ಗುಡ್ಡದ ಪ್ರವಾಸವೂ ಪಟ್ಟಿಯಲ್ಲಿರಲಿ. ಜತೆಗೆ ಇನ್ನೊಂದು ಕೆಲಸವೂ ಆಗಲಿ. ಇದೇ ಸೀಮೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಕೂತು ಹೆಣ್ಣುಮಕ್ಕಳು ಹಾಡುತ್ತಿದ್ದುದನ್ನು ಬರೆದಿಟ್ಟು 'ಗರತಿಯ ಹಾಡು' ತಂದರು. ಅವರಿಗೆ ಯಾವ ಇಲಾಖೆಯೂ ಆದೇಶ ಹೊರಡಿಸಿರಲಿಲ್ಲ. ನಿಮ್ಮ ಹೈಸ್ಕೂಲಿನ ಹುಡುಗರು ಊರ ಸುತ್ತಲಿನ ಮಡ್ಡಿ, ಗವಿ, ವೀರಗಲ್ಲು, ಮೂಲೆಗೆ ಬಿದ್ದ ಶಾಸನಗಳ ಫೋಟೊ ತೆಗೆದು, ಜಾಗ ಬರೆದು, ಶಾಲೆಯಲ್ಲಿ ಒಂದು ವಹಿ ಇಟ್ಟರೆ ಹತ್ತು ವರ್ಷದಲ್ಲಿ ಅದು ತಾಲ್ಲೂಕಿನ ಆಸ್ತಿಯಾಗುತ್ತದೆ.

ಹೋಗುವ ದಾರಿ ಕಷ್ಟದ್ದಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಿರುವ ಸೋಲಾಪುರ–ಗದಗ ರೈಲುಮಾರ್ಗದಲ್ಲೇ ಬಾದಾಮಿಯೂ ಇದೆ. ಅಲ್ಲಿಂದ ಸಿಡಿಲಪಡಿಗೆ ಬಂಡೆಗಳ ನಡುವೆ ಕಾಲುದಾರಿಯಿದೆ, ಕಲ್ಲಿನ ಕಮಾನು ಮತ್ತು ಆದಿಮಾನವರ ಚಿತ್ರ ನೋಡಬಹುದು. ಗೊತ್ತಿದ್ದವರೊಬ್ಬರನ್ನು ಜತೆಗೆ ಕರೆದುಕೊಳ್ಳಿ, ದಾರಿ ತಪ್ಪುವಂಥ ಜಾಗ ಅದು. ಐಹೊಳೆಗೆ ಹೋಗುವವರು ಹುನಗುಂದ, ಅಮೀನಗಡ ಹಾದು ಹೋಗಬೇಕು. ಅಮೀನಗಡದಲ್ಲಿ ಕರದಂಟು ಕೊಳ್ಳದೆ ಬಂದವರನ್ನು ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಬೆಳಗಿನ ಹೊತ್ತಿಗೇ ಹತ್ತಿ, ಹನ್ನೊಂದರೊಳಗೆ ಇಳಿಯಿರಿ. ಮೇಲೆ ನೀರು ಸಿಗುವುದಿಲ್ಲ, ತಲೆಗೊಂದು ಬಾಟಲಿ ಒಯ್ದು ಖಾಲಿ ಬಾಟಲಿ ವಾಪಸು ತನ್ನಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು, ಬಾದಾಮಿಯಲ್ಲಾದರೆ ಮಂಗಗಳ ಕಣ್ಣಿಗೆ ಬೀಳದಂತೆ ಕಟ್ಟಿಕೊಳ್ಳಿ. ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಬೆಂಕಿ, ಬೀಡಿ, ಕೂಗಾಟ ಯಾವುದೂ ಬೇಡ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಗೂಡುಗಳ ಹಾಸುಗಲ್ಲಿನ ಮೇಲೆ ಹತ್ತಿ ಕೂರಬೇಡಿ, ಒಂದು ಮಡಕೆಚೂರನ್ನೂ ಜೇಬಿಗೆ ಹಾಕಬೇಡಿ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ನೆಂಟರ ಊಟ ಮುಗಿದ ಮೇಲೆ ಬರುವ ಒಂದು ರವಿವಾರ ಇದಕ್ಕಾಗಿ ಎತ್ತಿಡಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ, ಬುತ್ತಿ ಕಟ್ಟಿಕೊಡುವುದಕ್ಕಷ್ಟೇ ಅವರನ್ನು ಎಬ್ಬಿಸಬೇಡಿ. ಶಿವರಾತ್ರಿ ಕಳೆದರೆ ಬಂಡೆ ಕಾಯತೊಡಗುತ್ತದೆ, ಅಷ್ಟರೊಳಗೆ ಹೋಗಿ ಬನ್ನಿ.